ಹತ್ತಿಯ ಬೆಲೆ, ಕೈಯ ಬೆಲೆ: ಸೆನೆಟರ್ ಈಸ್ಟ್‌ಲೆಂಡನ 'ರೈತಹಿತ'ವನ್ನು ಕೇರಿಯಿಂದ ಓದುವುದು

1

ನಮ್ಮ ಶಾಸನಸಭೆಗಳಲ್ಲಿ ಯಾರಾದರೂ ಎದ್ದು 'ನಾನೂ ಒಬ್ಬ ರೈತನ ಮಗ' ಅಂದರೆ ಪಕ್ಷಭೇದವಿಲ್ಲದೆ ಮೇಜು ಕುಟ್ಟುತ್ತಾರೆ. 'ನಾನು ಕೂಲಿಯವಳ ಮಗ' ಅಂತ ಹೇಳಿ ಹಾಗೆ ಮೇಜು ಕುಟ್ಟಿಸಿಕೊಂಡವರು ಎಷ್ಟು ಜನ? 'ರೈತ' ಎನ್ನುವ ಮಾತಿನಲ್ಲಿ ನೂರು ಎಕರೆಯವನೂ ಇದ್ದಾನೆ, ಎರಡು ಎಕರೆ ಖುಷ್ಕಿಯವನೂ ಇದ್ದಾನೆ. ಆದರೆ ಅವರಿಬ್ಬರ ಹೊಲದಲ್ಲೂ ಕಳೆ ಕಿತ್ತು, ಸೂರ್ಯ ಮುಳುಗಿದ ಮೇಲೆ ಕೂಲಿಗಾಗಿ ಅಂಗಳದಲ್ಲಿ ಕಾದು ನಿಲ್ಲುವವಳು ಆ ಮಾತಿನೊಳಗೆ ಇದ್ದಾಳೋ ಇಲ್ಲವೋ ಎನ್ನುವುದು ಯಾವತ್ತೂ ಸ್ಪಷ್ಟವಾಗುವುದಿಲ್ಲ. ಹಾಗೆ ಸ್ಪಷ್ಟವಾಗದೆ ಇರುವುದರಿಂದಲೇ ಆ ಮಾತು ಅಷ್ಟು ಜನಕ್ಕೆ ಉಪಯೋಗಕ್ಕೆ ಬರುತ್ತದೆ.

ದಲಿತ ವಿಮರ್ಶೆ ಅಂದರೆ ಕತೆ, ಕವಿತೆ, ಕಾದಂಬರಿಗಳನ್ನು ಕುರಿತದ್ದು ಮಾತ್ರ ಅಂತ ತಿಳಿಯುವವರಿದ್ದಾರೆ. ಶಾಸನ, ಆಯವ್ಯಯ, ಸಬ್ಸಿಡಿಯ ಪಟ್ಟಿ ಇವೂ ಪಠ್ಯಗಳೇ. ಇವಕ್ಕೂ ಒಬ್ಬ ನಿರೂಪಕನಿದ್ದಾನೆ, ಒಬ್ಬ ನಾಯಕನಿದ್ದಾನೆ, ಹೆಸರಿಲ್ಲದೆ ದುಡಿದು ಹೋಗುವ ಪಾತ್ರಗಳಿವೆ. ಅಂಥ ಒಂದು ಪಠ್ಯವನ್ನು ಇಲ್ಲಿ ಓದಲು ಪ್ರಯತ್ನಿಸಿದ್ದೇನೆ. ಅದು ನಮ್ಮ ನಾಡಿನದಲ್ಲ. ಅಮೆರಿಕದ ಮಿಸಿಸಿಪ್ಪಿ ಎಂಬ ಹಳ್ಳಿಗಾಡಿನ ರಾಜ್ಯದಿಂದ ಆರಿಸಿಹೋಗಿ ಮೂವತ್ತೈದು ವರ್ಷ ಸೆನೆಟಿನಲ್ಲಿ ಕೂತಿದ್ದ ಜೇಮ್ಸ್ ಈಸ್ಟ್‌ಲೆಂಡ್ ಎಂಬ ಸಂಪ್ರದಾಯವಾದಿ ಶಾಸಕನ ಆದ್ಯತೆಗಳ ಪಟ್ಟಿ ಅದು.

ಇಷ್ಟು ದೂರ ಯಾಕೆ ಹೋಗಬೇಕು ಅಂತ ಕೇಳಬಹುದು. ಬಾಬಾಸಾಹೇಬರು 1946ರಲ್ಲೇ ಅಮೆರಿಕದ ಕರಿಯ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕರಿಯರು ವಿಶ್ವಸಂಸ್ಥೆಗೆ ಕೊಟ್ಟಿದ್ದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ 'ದಲಿತ ಪ್ಯಾಂಥರ್ಸ್' ಅಂತ ಹೆಸರಿಟ್ಟುಕೊಂಡದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರರನ್ನು ನೋಡಿಯೇ. ಅವರ ಸಿಟ್ಟನ್ನು ನಾವು ಎರವಲು ತಂದೆವು. ಅವರ ಹೊಲದ ಲೆಕ್ಕವನ್ನು ಮಾತ್ರ ಅಷ್ಟಾಗಿ ನೋಡಲಿಲ್ಲ.

2

ಮಿಸಿಸಿಪ್ಪಿಯ ವಾಯುವ್ಯ ಭಾಗದ ಬಯಲನ್ನು ಡೆಲ್ಟಾ ಅಂತ ಕರೆಯುತ್ತಾರೆ. ನದಿಯ ಮೆಕ್ಕಲಿನ ಕಪ್ಪು ಮಣ್ಣು, ಕಣ್ಣು ಹಾಯಿಸಿದಷ್ಟೂ ಹತ್ತಿ. ಅಲ್ಲಿ ಸನ್‌ಫ್ಲವರ್ ಅಂತ ಒಂದು ಕೌಂಟಿ. ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಬಹುದು. ಆ ಕೌಂಟಿಯಲ್ಲಿ ಕರಿಯರ ಸಂಖ್ಯೆಯೇ ಹೆಚ್ಚು, ಭೂಮಿ ಬಹುಪಾಲು ಬಿಳಿಯರದು.

1904ರ ಫೆಬ್ರವರಿಯಲ್ಲಿ ಅಲ್ಲಿನ ಡಾಡ್ಸ್‌ವಿಲ್ ಎಂಬ ಊರಿನಲ್ಲಿ ಜೇಮ್ಸ್ ಈಸ್ಟ್‌ಲೆಂಡ್ ಎಂಬ ಜಮೀನುದಾರ ಜಗಳವೊಂದರಲ್ಲಿ ಕೊಲೆಯಾದ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ವುಡ್ಸ್ ಈಸ್ಟ್‌ಲೆಂಡ್ ಗುಂಪು ಕಟ್ಟಿಕೊಂಡು, ಲೂಥರ್ ಹಾಲ್ಬರ್ಟ್ ಎಂಬ ಕರಿಯ ಕೂಲಿಯನ್ನೂ ಅವನ ಜೊತೆಗಿದ್ದ ಹೆಂಗಸನ್ನೂ ಬೆನ್ನಟ್ಟಿ ಹಿಡಿದ. ಇಬ್ಬರನ್ನೂ ಜನರ ಕಣ್ಣೆದುರಿಗೆ ಚಿತ್ರಹಿಂಸೆ ಕೊಟ್ಟು ಜೀವಂತ ಸುಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ವುಡ್ಸ್‌ಗೆ ಒಬ್ಬ ಮಗ ಹುಟ್ಟಿದ. ಸತ್ತವನ ಹೆಸರನ್ನೇ ಇಟ್ಟರು. ಮುಂದೆ ಸೆನೆಟರ್ ಆದವನು ಈ ಮಗುವೇ. ಕುಟುಂಬದ ಜಮೀನು ಮುಂದೆ ಸುಮಾರು 5,800 ಎಕರೆಯಾಯಿತು.

ಇದೇ ಕೌಂಟಿಗೆ 1919ರಲ್ಲಿ ಇನ್ನೊಂದು ಕುಟುಂಬ ಬಂತು. ಇಪ್ಪತ್ತು ಮಕ್ಕಳ ಸಂಸಾರ. ಕೊನೆಯವಳಿಗೆ ಎರಡು ವರ್ಷ. ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದ ಆಕೆಯೇ ಫ್ಯಾನಿ ಲೂ ಹೇಮರ್. ಸೆನೆಟರನ ಊರಿಗೂ ಈಕೆ ಮುಂದೆ ಬಾಳಿದ ರೂಲ್‌ವಿಲ್ಲಿಗೂ ಕೆಲವೇ ಮೈಲಿ. ಒಂದೇ ಮಣ್ಣು, ಒಂದೇ ಬೆಳೆ. ಎರಡು ಬದುಕನ್ನೂ ಪಕ್ಕಪಕ್ಕದಲ್ಲಿಟ್ಟು ಓದದಿದ್ದರೆ ಸೆನೆಟರನ ನೀತಿ ನಮಗೆ ಅರ್ಥವಾಗುವುದಿಲ್ಲ.

3

ಈಸ್ಟ್‌ಲೆಂಡ್ ಡೆಮಾಕ್ರಟಿಕ್ ಪಕ್ಷದವನು. ಆ ಕಾಲದಲ್ಲಿ ದಕ್ಷಿಣದ ಬಿಳಿಯ ಜಮೀನುದಾರರ ಪಕ್ಷ ಅದೇ ಆಗಿತ್ತು. 1941ರಲ್ಲಿ ತೆರವಾದ ಸ್ಥಾನಕ್ಕೆ ಸುಮಾರು ಮೂರು ತಿಂಗಳ ಮಟ್ಟಿಗೆ ನೇಮಕವಾಗಿ ವಾಷಿಂಗ್ಟನ್ನಿಗೆ ಹೋದ. ಅಷ್ಟರಲ್ಲೇ ಹತ್ತಿಬೀಜದ ಎಣ್ಣೆಗೆ ಸರ್ಕಾರ ಬೆಲೆಮಿತಿ ಹಾಕುವುದರ ವಿರುದ್ಧ ಗಟ್ಟಿಯಾಗಿ ಮಾತಾಡಿ ಊರಿನಲ್ಲಿ ಹೆಸರು ಮಾಡಿದ. 1943ರಿಂದ 1978ರವರೆಗೆ ಬಿಡದೆ ಸೆನೆಟಿನಲ್ಲಿದ್ದ. ಅವನ ಆದ್ಯತೆಗಳ ಪಟ್ಟಿಯ ಮೊದಲ ಸಾಲು ಹತ್ತಿಯ ಬೆಲೆ. ಈ ವಿಷಯದಲ್ಲಿ ಅವನಿಗೆ ಸರ್ಕಾರದ ಹಸ್ತಕ್ಷೇಪ ಬೇಕು. ಬೆಂಬಲ ಬೆಲೆ ಬೇಕು, ಬಿತ್ತದೆ ಬಿಟ್ಟ ಎಕರೆಗೂ ದುಡ್ಡು ಬೇಕು, ಅಗ್ಗದ ಸಾಲ ಬೇಕು.

ಎರಡನೆಯ ಸಾಲು 'ರಾಜ್ಯದ ಹಕ್ಕು'. ಕೂಲಿ, ಶಾಲೆ, ಓಟು ಇವುಗಳ ವಿಷಯ ಬಂದಾಗ ಇದೇ ಸರ್ಕಾರ ಹೊರಗಿನದಾಗಿಬಿಡುತ್ತದೆ. ಆಗ ಅದು ಸ್ಥಳೀಯರ ಬದುಕಿನಲ್ಲಿ ಕೈ ಹಾಕಬಾರದು. ಅಂದರೆ ಸರ್ಕಾರದ ಚೆಕ್ಕು ಬರಬೇಕು, ಸರ್ಕಾರದ ಕಾನೂನು ಬರಬಾರದು. ಇದನ್ನು ಇಬ್ಬಂದಿತನ ಅಂತ ಬೈದು ಸುಮ್ಮನಾಗುವುದು ಸುಲಭ. ಆದರೆ ಧಣಿಯ ಕಡೆಯಿಂದ ನೋಡಿದರೆ ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಎರಡರ ಫಲವೂ ಒಂದೇ. ಹತ್ತಿ ತುಟ್ಟಿಯಾಗಬೇಕು, ಹತ್ತಿ ಬಿಡಿಸುವ ಕೈ ಅಗ್ಗವಾಗಿರಬೇಕು.

ಈ ಪಟ್ಟಿಯನ್ನು ಅವನೊಬ್ಬನೇ ಬರೆದದ್ದಲ್ಲ. ರೂಸ್ವೆಲ್ಟನ ಕಾಲದ 1935ರ ಸಾಮಾಜಿಕ ಭದ್ರತೆಯ ಕಾನೂನು, ಅದೇ ವರ್ಷದ ಕಾರ್ಮಿಕ ಸಂಘಗಳ ಕಾನೂನು, 1938ರ ಕನಿಷ್ಠ ಕೂಲಿ ಕಾನೂನು, ಮೂರರಿಂದಲೂ ಹೊಲದ ಕೂಲಿಗಳನ್ನು ಹೊರಗಿಟ್ಟಿದ್ದರು. ಕಾನೂನಿನಲ್ಲಿ 'ಕರಿಯ' ಎನ್ನುವ ಪದವೇ ಇಲ್ಲ. 'ಕೃಷಿ ಕಾರ್ಮಿಕರಿಗೆ ಅನ್ವಯಿಸುವುದಿಲ್ಲ' ಅಂತ ಬರೆದರೆ ಸಾಕಾಗಿತ್ತು. ಜಾತಿಯ ಹೆಸರು ಹೇಳದೆ ಜಾತಿಯ ಕೆಲಸ ಮಾಡುವ ಇಂಥ ವಾಕ್ಯಗಳು ನಮ್ಮ ಕಡತಗಳಲ್ಲೂ ಇವೆ. ಹುಡುಕುವ ಕಣ್ಣು ಬೇಕು.

ಅವನ ಸಂಗಾತಿ ಜೇಮಿ ವಿಟನ್ ಬಗ್ಗೆಯೂ ಒಂದು ಮಾತು ಹೇಳಬೇಕು. ಅವನೂ ಮಿಸಿಸಿಪ್ಪಿಯವನೇ. ಕೆಳಮನೆಯಲ್ಲಿ 1941ರಿಂದ 1995ರವರೆಗೆ ಇದ್ದ. ಕೃಷಿ ಇಲಾಖೆಗೆ ಹಣ ಮಂಜೂರು ಮಾಡುವ ಉಪಸಮಿತಿಯ ಯಜಮಾನಿಕೆ ದಶಕಗಳ ಕಾಲ ಅವನ ಕೈಯಲ್ಲಿತ್ತು. 'ಕಾಯಂ ಕೃಷಿಮಂತ್ರಿ' ಅಂತಲೇ ಅವನನ್ನು ಕರೆಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೃಷಿ ಇಲಾಖೆಯ ಅರ್ಥಶಾಸ್ತ್ರ ವಿಭಾಗದವರು ಡೆಲ್ಟಾದ ಕೊಹೋಮಾ ಕೌಂಟಿಯಲ್ಲಿ ಒಂದು ಸಾಮಾಜಿಕ ಅಧ್ಯಯನ ಮಾಡಿ, ಕರಿಯರ ಮತ್ತು ಬಿಳಿಯರ ನಡುವಿನ ಸಂಬಂಧ ಹೇಗಿದೆ ಅಂತ ಬರೆದಿಟ್ಟರು. 1946ರಲ್ಲಿ ವಿಟನ್ ಆ ವರದಿಯ ಮೇಲೆ ಹರಿಹಾಯ್ದ. ಆ ವಿಭಾಗ ಇನ್ನು ಮುಂದೆ ಇಂಥ ಸಮೀಕ್ಷೆಗಳಿಗೆ ಹಣ ಖರ್ಚು ಮಾಡಕೂಡದು ಅಂತ ಕಾನೂನೇ ಆಯಿತು. ಹತ್ತಿ ಎಷ್ಟು ಬೇಲು ಬೆಳೆಯಿತು ಅಂತ ಎಣಿಸಬಹುದು. ಬೆಳೆದವರು ಹೇಗೆ ಬದುಕುತ್ತಿದ್ದಾರೆ ಅಂತ ಬರೆಯಕೂಡದು.

4

ಇಂಥವರಿಗೆ ಇಷ್ಟು ಬಲ ಎಲ್ಲಿಂದ ಬಂತು? ಅಮೆರಿಕದ ಸಂಸತ್ತಿನಲ್ಲಿ ಸಮಿತಿಯ ಅಧ್ಯಕ್ಷತೆ ಆಗ ಹಿರಿತನದ ಮೇಲೆ ಹೋಗುತ್ತಿತ್ತು. ಯಾರು ಸೋಲದೆ ಉಳಿಯುತ್ತಾರೋ ಅವರಿಗೆ ಕುರ್ಚಿ. ಮಿಸಿಸಿಪ್ಪಿಯಲ್ಲಿ ಸೋಲುವ ಭಯವಿರಲಿಲ್ಲ. 1890ರ ರಾಜ್ಯ ಸಂವಿಧಾನ ತಲೆಗಂದಾಯ ಮತ್ತು ಓದುಬರಹದ ಪರೀಕ್ಷೆಯ ಮೂಲಕ ಕರಿಯರನ್ನು ಮತಪಟ್ಟಿಯಿಂದ ಹೊರಹಾಕಿತ್ತು. 1940ರಲ್ಲಿ ಆ ರಾಜ್ಯದ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟು ಕರಿಯರೇ. ಆದರೆ 1964ರಲ್ಲಿ ಕೂಡ ವಯಸ್ಕ ಕರಿಯರಲ್ಲಿ ಮತಪಟ್ಟಿ ಸೇರಿದ್ದವರು ನೂರಕ್ಕೆ ಏಳರಷ್ಟೂ ಇರಲಿಲ್ಲ. ಕೆಳಮನೆಯಲ್ಲಿ ರಾಜ್ಯಕ್ಕೆ ಎಷ್ಟು ಸ್ಥಾನ ಅಂತ ಲೆಕ್ಕ ಹಾಕುವಾಗ ಅವರ ತಲೆ ಎಣಿಸುತ್ತಿದ್ದರು. ಓಟು ಹಾಕುವಾಗ ಅವರು ಲೆಕ್ಕಕ್ಕಿಲ್ಲ.

1956ರಲ್ಲಿ ಈಸ್ಟ್‌ಲೆಂಡ್ ಸೆನೆಟಿನ ನ್ಯಾಯಾಂಗ ಸಮಿತಿಯ ಅಧ್ಯಕ್ಷನಾದ. ನಾಗರಿಕ ಹಕ್ಕಿನ ಮಸೂದೆಗಳೆಲ್ಲ ಈ ಸಮಿತಿಯ ಬಾಗಿಲಿಂದಲೇ ಹಾಯಬೇಕು. ಆ ಮಸೂದೆಗಳನ್ನು ಇಟ್ಟುಕೊಳ್ಳಲು ಪ್ಯಾಂಟಿಗೆ ಬೇರೆ ಜೇಬು ಹೊಲಿಸಿಕೊಂಡಿದ್ದೆ ಅಂತ ಅವನೇ ಜಂಬ ಕೊಚ್ಚಿಕೊಳ್ಳುತ್ತಿದ್ದ. 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ಅವನ ಸಮಿತಿಯನ್ನು ಬದಿಗಿಟ್ಟು ನೇರವಾಗಿ ಸದನಕ್ಕೆ ತರಬೇಕಾಯಿತು. ಒಕ್ಕೂಟದ ನ್ಯಾಯಾಧೀಶರ ನೇಮಕವೂ ಅದೇ ಸಮಿತಿಯ ಮುಂದೆ ಬರಬೇಕು. 1961ರಲ್ಲಿ ಅವನ ಕಾಲೇಜಿನ ಗೆಳೆಯ ಹೆರಾಲ್ಡ್ ಕಾಕ್ಸ್ ಮಿಸಿಸಿಪ್ಪಿಯ ನ್ಯಾಯಪೀಠಕ್ಕೆ ಬಂದ. ಮತಪಟ್ಟಿಯ ದಾವೆಗಳು ಹೋಗಿ ನಿಂತದ್ದು ಇಂಥವರ ಮುಂದೆ. ಶಾಲೆಗಳಲ್ಲಿ ಬಣ್ಣಭೇದ ಸಲ್ಲದು ಅಂತ 1954ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ, ಎರಡೇ ತಿಂಗಳಲ್ಲಿ ಅದರ ವಿರುದ್ಧ ಬಿಳಿಯರ 'ಸಿಟಿಜನ್ಸ್ ಕೌನ್ಸಿಲ್' ಹುಟ್ಟಿದ್ದು ಇದೇ ಸನ್‌ಫ್ಲವರ್ ಕೌಂಟಿಯ ಕೇಂದ್ರವಾದ ಇಂಡಿಯನೋಲಾದಲ್ಲಿ. ಅದರ ಆಯುಧ ಬಂದೂಕಿಗಿಂತ ಹೆಚ್ಚಾಗಿ ಬ್ಯಾಂಕು. ಹಕ್ಕು ಕೇಳಿದವನಿಗೆ ಸಾಲ ಇಲ್ಲ, ಕೆಲಸ ಇಲ್ಲ, ಮನೆ ಇಲ್ಲ. ಬಹಿಷ್ಕಾರ ಹಾಕುವುದು ಅಂದರೇನು ಅಂತ ನಮ್ಮ ಕೇರಿಗಳಿಗೆ ವಿವರಿಸಬೇಕಾಗಿಲ್ಲ.

5

1962ರ ಆಗಸ್ಟ್ 31. ಫ್ಯಾನಿ ಲೂ ಹೇಮರ್ ಸೇರಿ ಹದಿನೆಂಟು ಜನ ಒಂದು ಹಳೆಯ ಬಸ್ಸಿನಲ್ಲಿ ಇಂಡಿಯನೋಲಾಕ್ಕೆ ಹೋದರು. ಮತಪಟ್ಟಿಯಲ್ಲಿ ಹೆಸರು ಬರೆಸಬೇಕು. ಆಕೆಗೆ ಆಗ 44 ವರ್ಷ. ಹದಿನೆಂಟು ವರ್ಷದಿಂದ ಒಂದೇ ಧಣಿಯ ಪ್ಲಾಂಟೇಷನ್ನಿನಲ್ಲಿ ದುಡಿಮೆ. ಓದುಬರಹ ಬರುತ್ತಿದ್ದರಿಂದ ಕೂಲಿಗಳ ಹೊತ್ತಿನ ಲೆಕ್ಕ, ಹತ್ತಿಯ ತೂಕದ ಲೆಕ್ಕ ಬರೆಯುವ ಕೆಲಸ. ಧಣಿಯ ತಕ್ಕಡಿಯಲ್ಲಿ ಮೋಸವಿತ್ತು. ಅವನು ಇಲ್ಲದ ಹೊತ್ತಿನಲ್ಲಿ ಈಕೆ ತನ್ನದೇ ತೂಕದ ಗುಂಡು ಹಾಕಿ ತೂಗುತ್ತಿದ್ದಳಂತೆ. 1961ರಲ್ಲಿ ಗಡ್ಡೆಯ ಆಪರೇಷನ್ ಅಂತ ಕರೆದೊಯ್ದು ಆಕೆಗೆ ಹೇಳದೆ ಕೇಳದೆ ಗರ್ಭಕೋಶ ತೆಗೆದಿದ್ದರು. ಕರಿಯ ಹೆಂಗಸರಿಗೆ ಹೀಗೆ ಮಾಡುವುದು ಅಲ್ಲಿ ಎಷ್ಟು ಮಾಮೂಲಾಗಿತ್ತೆಂದರೆ ಅದಕ್ಕೆ 'ಮಿಸಿಸಿಪ್ಪಿ ಅಪೆಂಡಿಕ್ಸ್ ಆಪರೇಷನ್' ಅಂತ ಅಡ್ಡಹೆಸರೇ ಇತ್ತು.

ಕಚೇರಿಯಲ್ಲಿ ರಾಜ್ಯ ಸಂವಿಧಾನದ ಒಂದು ಕಲಮು ತೋರಿಸಿ ಅರ್ಥ ಬರೆಯಲು ಹೇಳಿದರು. ಹತ್ತಿ ಬಿಡಿಸುವವಳು ಕಾಯ್ದೆಯ ಸೂಕ್ಷ್ಮ ವಿವರಿಸಬೇಕಂತೆ. ಹೆಸರು ಬರೆದುಕೊಳ್ಳಲಿಲ್ಲ. ವಾಪಸು ಬರುವಾಗ ಪೊಲೀಸರು ಬಸ್ಸು ತಡೆದು ಡ್ರೈವರನಿಗೆ ದಂಡ ಹಾಕಿದರು. ತಪ್ಪೇನು? ಬಸ್ಸಿನ ಹಳದಿ ಬಣ್ಣ ಸ್ಕೂಲ್ ಬಸ್ಸಿನ ಹಾಗಿದೆ ಅಂತ. ಮನೆಗೆ ಬಂದರೆ ಧಣಿ ಕಾದಿದ್ದ. ಅರ್ಜಿ ವಾಪಸು ತಗೋ, ಇಲ್ಲಾ ಜಾಗ ಖಾಲಿ ಮಾಡು. ಆಕೆ ಅವತ್ತೇ ರಾತ್ರಿ ಹೊರಬಿದ್ದಳು. 1963ರ ಜೂನಿನಲ್ಲಿ ವೈನೋನಾದ ಜೈಲಿನಲ್ಲಿ ಆಕೆಯನ್ನು ಹೊಡೆದದ್ದರ ನೋವು ಕೊನೆಯವರೆಗೂ ಉಳಿಯಿತು. 1964ರಲ್ಲಿ ಆಕೆ ಚುನಾವಣೆಗೆ ನಿಂತಳು. ಎದುರಾಳಿ ಯಾರು ಅಂದರೆ ಅದೇ 'ಕಾಯಂ ಕೃಷಿಮಂತ್ರಿ' ವಿಟನ್. ಸೋತಳು. ಓಟಿಲ್ಲದವರ ಅಭ್ಯರ್ಥಿ ಇನ್ನೇನಾಗಬೇಕು? ಆದರೆ ಮಿಸಿಸಿಪ್ಪಿಯ ಕೆಳಮನೆಯ ಸದಸ್ಯರ ಆಯ್ಕೆಯೇ ಅಕ್ರಮ ಅಂತ ಆಕೆ ಮತ್ತು ಸಂಗಾತಿಗಳು ಸಂಸತ್ತಿನಲ್ಲೇ ತಕರಾರು ಹಾಕಿದರು. 1965ರ ಸೆಪ್ಟೆಂಬರಿನಲ್ಲಿ ಸದನ ಅದನ್ನು 228–143 ಮತಗಳಿಂದ ತಳ್ಳಿಹಾಕಿತು. ಜೊತೆಗೆ ನಿಂತ ಆ 143 ಮತಗಳನ್ನೂ ಮರೆಯಬಾರದು.

ಅದೇ ವರ್ಷದ ಮತದಾನ ಹಕ್ಕಿನ ಕಾನೂನು ಬಂದ ಮೇಲೆ 1967ರ ಹೊತ್ತಿಗೆ ಮಿಸಿಸಿಪ್ಪಿಯ ಕರಿಯರಲ್ಲಿ ಅರ್ಧಕ್ಕೂ ಹೆಚ್ಚು ಜನ ಮತಪಟ್ಟಿ ಸೇರಿದರು. ಇಲ್ಲಿಗೆ ಕತೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ.

6

ಓಟು ಬಂದ ಹೊತ್ತಿಗೇ ಕೂಲಿ ಹೋಯಿತು. ಹತ್ತಿ ಬಿಡಿಸುವ ಯಂತ್ರದಿಂದಲೇ ಪೂರ್ತಿ ಬೆಳೆ ತೆಗೆದ ಪ್ರಯೋಗ ಡೆಲ್ಟಾದಲ್ಲಿ 1944ರಲ್ಲೇ ನಡೆದಿತ್ತು. ಆದರೂ ಎರಡು ದಶಕ ಕೂಲಿಗಳನ್ನು ಇಟ್ಟುಕೊಂಡಿದ್ದರು, ಯಾಕೆಂದರೆ ಕೈ ಅಷ್ಟು ಅಗ್ಗವಾಗಿತ್ತು. ಇಡೀ ದಿನ ಕಳೆ ಕಿತ್ತರೆ ಮೂರು ಡಾಲರಿನಷ್ಟು. 1965ರಲ್ಲಿ ಡೆಲ್ಟಾದ ಕೂಲಿಗಳು ಸಂಘ ಕಟ್ಟಿ ಗಂಟೆಗೆ ಒಂದೂಕಾಲು ಡಾಲರ್ ಕೇಳಿ ಮುಷ್ಕರ ಹೂಡಿದರು. 1967ರ ಫೆಬ್ರವರಿಯಿಂದ ದೊಡ್ಡ ಜಮೀನುಗಳ ಕೂಲಿಗೂ ಕನಿಷ್ಠ ವೇತನ ಅನ್ವಯವಾಯಿತು, ಗಂಟೆಗೆ 1 ಡಾಲರ್. ಜಮೀನುದಾರರು ಕಳೆನಾಶಕ ಹೊಡೆದರು, ಯಂತ್ರ ತಂದರು, ಕೂಲಿಗಳಿಗೆ ಗುಡಿಸಲು ಬಿಡಿ ಅಂದರು. ಬೆಳೆ ಬೇಡ ಅಂತ ಬಿತ್ತದೆ ಬಿಟ್ಟ ನೆಲಕ್ಕೆ ಸರ್ಕಾರದ ದುಡ್ಡು. ಆ ನೆಲದಲ್ಲಿ ದುಡಿಯುತ್ತಿದ್ದವರಿಗೆ ಏನೂ ಇಲ್ಲ. 1933ರಲ್ಲಿ ಈ ಪದ್ಧತಿ ಶುರುವಾದಾಗಲೇ ಪಾಲಿಗೆ ಮಾಡುವವರ ಪಾಲನ್ನು ಧಣಿಗಳು ನುಂಗಿದ್ದರು, ಎಷ್ಟೋ ಜನರನ್ನು ಎಬ್ಬಿಸಿ ಓಡಿಸಿದ್ದರು.

1960ರ ದಶಕದ ಕೊನೆಯ ವರ್ಷಗಳಲ್ಲಿ ಈಸ್ಟ್‌ಲೆಂಡ್ ಪ್ಲಾಂಟೇಷನ್ನಿಗೆ ಬರುತ್ತಿದ್ದ ಹತ್ತಿಯ ಸಬ್ಸಿಡಿ ವರ್ಷಕ್ಕೆ 1 ಲಕ್ಷ ಡಾಲರಿಗೂ ಮೀರಿದ್ದು. ಅದೇ ಹೊತ್ತಿಗೆ ಬಡವರ ಆಹಾರದ ಕೂಪನ್ನು ಹೇಗಿತ್ತು ನೋಡಿ. ಅದು ಪುಕ್ಕಟೆ ಅಲ್ಲ. ಏನೂ ವರಮಾನವಿಲ್ಲದ ಮನೆಯೂ ತಲೆಗೆ ತಿಂಗಳಿಗೆ 2 ಡಾಲರ್ ಕೊಟ್ಟು ಕೊಳ್ಳಬೇಕಿತ್ತು. ಕೂಲಿಯೇ ಇಲ್ಲದವರು ಎಲ್ಲಿಂದ ತರಬೇಕು? ಅದಕ್ಕೂ ಮೊದಲು ಹಂಚುತ್ತಿದ್ದ ಹೆಚ್ಚುವರಿ ಧಾನ್ಯ ಕೌಂಟಿಯ ಹಿರಿಯರ ಮರ್ಜಿಯಲ್ಲಿತ್ತು. ಮತಪಟ್ಟಿಯ ಚಳುವಳಿ ಶುರುವಾದದ್ದೇ ತಡ, 1962ರ ಚಳಿಗಾಲದಲ್ಲಿ ಪಕ್ಕದ ಲಿಫ್ಲೋರ್ ಕೌಂಟಿಯವರು ಅದನ್ನು ನಿಲ್ಲಿಸಿಯೇ ಬಿಟ್ಟರು. 20,000ಕ್ಕೂ ಹೆಚ್ಚು ಜನ ಆ ಧಾನ್ಯ ನಂಬಿದ್ದರು. 1967ರ ಏಪ್ರಿಲಿನಲ್ಲಿ ಸೆನೆಟರ್‌ಗಳಾದ ಜೋಸೆಫ್ ಕ್ಲಾರ್ಕ್, ರಾಬರ್ಟ್ ಕೆನಡಿ ಡೆಲ್ಟಾದ ಗುಡಿಸಲುಗಳಿಗೆ ಹೋಗಿ ಹಸಿದ ಮಕ್ಕಳನ್ನು ಕಣ್ಣಾರೆ ಕಂಡ ಮೇಲೆ ದೇಶಕ್ಕೆ ಸುದ್ದಿ ಗೊತ್ತಾಯಿತು. ಕೂಪನ್ನಿಗೆ ದುಡ್ಡು ಕೊಡಬೇಕೆನ್ನುವ ಷರತ್ತು ಹೋಗಲು 1977ರ ಕಾನೂನೇ ಬರಬೇಕಾಯಿತು.

ಒಬ್ಬ ಜಮೀನುದಾರನಿಗೆ ಒಂದು ಬೆಳೆಗೆ 55,000 ಡಾಲರಿಗಿಂತ ಹೆಚ್ಚು ಕೊಡಕೂಡದು ಅಂತ 1970ರಲ್ಲಿ ಮಿತಿ ತಂದರು. ದೊಡ್ಡವರು ಕಾಗದದ ಮೇಲೆ ಜಮೀನು ಪಾಲು ಮಾಡಿ ಮನೆಮಂದಿಯ ಹೆಸರಿಗೆ ಬರೆದರು. ಭೂಮಿತಿ ಕಾಯ್ದೆ ಬಂದಾಗ ಎತ್ತಿನ ಹೆಸರಿಗೂ ಜಮೀನು ಮಾಡಿದರು ಅಂತ ನಮ್ಮಲ್ಲಿ ನಗುತ್ತೇವಲ್ಲ, ಆ ವಿದ್ಯೆ ನಮ್ಮವರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ.

ಹೇಮರ್ ಆಗ ಏನು ಮಾಡಿದಳು ಎನ್ನುವುದು ಮುಖ್ಯ. ಓಟಿನ ಜೊತೆಗೆ ನೆಲ ಬೇಕು ಅಂತ ಆಕೆಗೆ ಗೊತ್ತಾಗಿತ್ತು. 1969ರಲ್ಲಿ 40 ಎಕರೆ ಕೊಂಡು 'ಫ್ರೀಡಂ ಫಾರ್ಮ್' ಎಂಬ ಸಹಕಾರಿ ಬೇಸಾಯ ಕಟ್ಟಿದಳು. ಮುಂದೆ ಅದು 600 ಎಕರೆ ದಾಟಿತು. ಹತ್ತಿಯ ನಾಡಿನಲ್ಲಿ ಮೊದಲು ಊಟಕ್ಕೆ ಬೇಕಾದ ತರಕಾರಿ, ಕಾಳು. ಜೊತೆಗೆ ಹಂದಿಯ ಬ್ಯಾಂಕು. ಕರಿಯ ಹೆಂಗಸರ ರಾಷ್ಟ್ರೀಯ ಮಂಡಳಿ ಕೊಟ್ಟ ಹಂದಿಗಳಿಂದ ಶುರು. ಗಬ್ಬದ ಹಂದಿಯೊಂದನ್ನು ಒಂದು ಮನೆಗೆ ಕೊಡುವುದು, ಮರಿ ಹಾಕಿದ ಮೇಲೆ ಎರಡು ಮರಿಯನ್ನು ಬ್ಯಾಂಕಿಗೆ ತಿರುಗಿಸುವುದು. ಬಡ್ಡಿಯಿಲ್ಲ, ಜಾಮೀನಿಲ್ಲ. ಹಂದಿ ಸಾಕಿದರೆ ಮೂಗು ಮುಚ್ಚಿಕೊಳ್ಳುವ ನಾಡಿನವರಾದ ನಾವು ಇದನ್ನು ಎರಡು ಸಲ ಓದಬೇಕು. ಸೆನೆಟರನ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಈ ಪುಟ್ಟ ಪಟ್ಟಿಯಲ್ಲಿತ್ತು: ಊಟ, ನೆಲ, ಮನೆ, ತಲೆ ಎತ್ತಿ ನಿಲ್ಲುವ ಧೈರ್ಯ. ಆದರೆ ಸರ್ಕಾರದ ಖಜಾನೆ ಸೆನೆಟರನ ಬೆನ್ನಿಗಿತ್ತು. ಈಕೆಯ ಬೆನ್ನಿಗೆ ಚಂದಾ ಹಣ ಮಾತ್ರ. ಸಾಲ, ಬೆಳೆನಷ್ಟ, ಆಕೆಯ ಕಾಯಿಲೆ ಎಲ್ಲ ಸೇರಿ 70ರ ದಶಕದ ನಡುವಿಗೆ ಫಾರ್ಮು ಕೈತಪ್ಪಿತು. 1977ರ ಮಾರ್ಚಿನಲ್ಲಿ ಹೇಮರ್ ತೀರಿಕೊಂಡಳು. ಮರುವರ್ಷ ಈಸ್ಟ್‌ಲೆಂಡ್ ಚುನಾವಣೆಗೆ ನಿಲ್ಲದೆ ನಿವೃತ್ತನಾದ. ಗೆಲ್ಲಲು ಕರಿಯರ ಓಟು ಬೇಕಾಗುವ ಕಾಲ ಬಂದಿತ್ತು.

7

ಬಣ್ಣವೂ ಜಾತಿಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಕ್ರಮವೇ ತಿರುಗುಮುರುಗು. ಅವರಿಗೆ 1965ರಲ್ಲಿ ದಕ್ಕಿದ ಓಟು ನಮಗೆ ಮೊದಲ ಚುನಾವಣೆಯಲ್ಲೇ ದಕ್ಕಿತು. ಹಾಗಾದರೆ ನೆಲ?

1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕಿತ್ತುಹಾಕಿತು. ಅದು ದೊಡ್ಡ ಕೆಲಸ. ಅದನ್ನು ಸಣ್ಣದು ಮಾಡುವುದು ಕೃತಘ್ನತೆಯಾದೀತು. ಆದರೆ ಅದು 'ಉಳುವವನೇ ಒಡೆಯ' ಅಂದಾಗ ಉಳುವವನು ಅಂದರೆ ಗೇಣಿದಾರ. ದಲಿತರಲ್ಲಿ ಬಹುಪಾಲು ಜನ ಗೇಣಿದಾರರಾಗಿರಲಿಲ್ಲ. ಗೇಣಿದಾರನ ಹೊಲದಲ್ಲೂ ಕೂಲಿಗಳೇ, ಜೀತದಾಳುಗಳೇ ಆಗಿದ್ದರು. ಟ್ರಿಬ್ಯೂನಲ್ಲಿನ ಮುಂದೆ ಅರ್ಜಿ ಹಾಕಲು ಅವರ ಕೈಯಲ್ಲಿ ಯಾವ ಚೀಟಿಯೂ ಇರಲಿಲ್ಲ. 1976ರಲ್ಲಿ ಜೀತ ನಿಷೇಧ ಕಾಯ್ದೆ ಬಂತು. ಸರ್ಕಾರ ಕೊಟ್ಟ ತುಂಡು ನೆಲವೂ ಕೈಜಾರುತ್ತಿದ್ದುದರಿಂದ 1978ರಲ್ಲಿ ಪರಭಾರೆ ನಿಷೇಧದ ಕಾಯ್ದೆ ಬೇಕಾಯಿತು. 1980ರಲ್ಲಿ ನರಗುಂದ, ನವಲಗುಂದದ ಗೋಲಿಬಾರಿನ ನಂತರ ರೈತ ಚಳುವಳಿ ನಾಡಿನ ತುಂಬ ಹಬ್ಬಿತು. ಬೆಳೆಗೆ ಬೆಲೆ, ಸಾಲಮನ್ನಾ, ನೀರಿನ ಕರ. ನ್ಯಾಯವಾದ ಬೇಡಿಕೆಗಳೇ. ಕಳೆ ಕೀಳುವವಳ ಕೂಲಿ ಆ ಬೇಡಿಕೆಗಳ ಸಾಲಿನಲ್ಲಿ ಎಲ್ಲಿತ್ತು ಅಂತ ದಲಿತ ಗೆಳೆಯರು ಆಗಲೇ ಕೇಳಿದ್ದರು. 2005ರ ಉದ್ಯೋಗ ಖಾತ್ರಿ ಕಾನೂನು ಬಂದಾಗ ಊರ ಜಗಲಿಗಳಲ್ಲಿ ಕೇಳಿಬಂದ ಮಾತು ಏನು? 'ಕೂಲಿಯವರು ಸಿಕ್ತಿಲ್ಲ, ಸೋಮಾರಿಗಳಾಗಿ ಹೋದ್ರು.' ಇದನ್ನು ಇಂಗ್ಲಿಷಿಗೆ ತಿರುಗಿಸಿದರೆ ಡೆಲ್ಟಾದ ಧಣಿಗಳ ಮಾತೇ ಆಗುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ ಕಲಮುಗಳನ್ನು ತೆಗೆದು, ಬೇಸಾಯ ಮಾಡದವರೂ ಕೃಷಿಭೂಮಿ ಕೊಳ್ಳಬಹುದು ಅಂತ ಮಾಡಿದ್ದೂ ರೈತಹಿತದ ಹೆಸರಿನಲ್ಲೇ.

ಹಳ್ಳಿಗಾಡಿನ ಆದ್ಯತೆಗಳ ಬೇರೆ ಪಟ್ಟಿ ಸಾಧ್ಯವೇ ಇರಲಿಲ್ಲ ಅಂತಲ್ಲ. 1937ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಖೋತಿ ಜಮೀನುದಾರಿಕೆಯ ವಿರುದ್ಧ ಮಸೂದೆ ತಂದವರು ಅಂಬೇಡ್ಕರ್. 1947ರಲ್ಲಿ ಬರೆದ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಮನವಿಯಲ್ಲಿ ಭೂಮಿಯೆಲ್ಲ ಸರ್ಕಾರದ್ದಾಗಬೇಕು, ಜಾತಿ ನೋಡದೆ ಊರವರಿಗೆ ಒಟ್ಟು ಬೇಸಾಯಕ್ಕೆ ಕೊಡಬೇಕು, ಜಮೀನುದಾರ, ಗೇಣಿದಾರ, ಭೂಹೀನ ಕೂಲಿ ಎಂಬ ಮೂರೂ ಜಾತಿ ಇರಕೂಡದು ಅಂತ ಸೂಚಿಸಿದ್ದರು. ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರಿಗೆ 1948ರ ನವೆಂಬರಿನಲ್ಲಿ ಅವರು ಕೊಟ್ಟ ಉತ್ತರ ನಮ್ಮ ಗೆಳೆಯರಿಗೆ ಬಾಯಿಪಾಠ. 1947ರ ಆ ಪಟ್ಟಿಯನ್ನು ಮಾತ್ರ ಯಾರೂ ಓದುವುದಿಲ್ಲ. ಪ್ರತಿಮೆಗೆ ಹಾರ ಹಾಕುವವರಿಗೆ ಅದು ತುಟ್ಟಿ.

ಇಷ್ಟು ಬರೆದದ್ದು ಒಂದು ಸಣ್ಣ ಅಭ್ಯಾಸಕ್ಕಾಗಿ. ಮುಂದಿನ ಸಲ ಯಾವ ಪಕ್ಷದವರೇ ಆಗಲಿ 'ಹಳ್ಳಿಯ ಹಿತ', 'ರೈತರ ಬಜೆಟ್ಟು' ಅಂದಾಗ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮೂರು ಪ್ರಶ್ನೆ ಕೇಳೋಣ. ಈ ದುಡ್ಡು ಎಕರೆಯ ಲೆಕ್ಕದಲ್ಲಿ ಹೋಗುತ್ತದೋ, ತಲೆಯ ಲೆಕ್ಕದಲ್ಲೋ? ಎಕರೆ ಇಲ್ಲದವರಿಗೆ ಇದರಲ್ಲಿ ಏನಿದೆ? ಇವರು ಯಾರನ್ನು ಎಣಿಸುವುದನ್ನು ಬಿಟ್ಟಿದ್ದಾರೆ? ಫ್ಯಾನಿ ಲೂ ಹೇಮರ್ ಧಣಿಯ ತಕ್ಕಡಿಯನ್ನು ನಂಬಲಿಲ್ಲ. ನಮ್ಮ ಹುಡುಗ ಹುಡುಗಿಯರೂ ನಂಬದೆ, ತಮ್ಮದೇ ತೂಕದ ಗುಂಡು ಜೇಬಿನಲ್ಲಿಟ್ಟುಕೊಂಡು ಓದಲಿ.